ಅತ್ತಿಮರದ ಸ್ಟಾಪು

ಜನವರಿ 21, ಮಂಗಳವಾರ

ಬಿಸಿಲಲ್ಲಿ ನಡೆದು ನಡೆದು ಮಂಡಿ ಊದಿಕೊಂಡಿದೆ. ಪುರಸಭೆಯಿಂದ ಗ್ರೆಟೆಲ್ ಎನ್ನುವ ಇಂಜಿನಿಯರ್ ಹುಡುಗಿ ಬಂದಿದ್ದಳು. ನಮ್ಮ ಸಾನ್ ಎಲಾದಿಯೊ ಬಡಾವಣೆಗೆ ಬ್ಯಾಟರಿ ಬಸ್ಸು ಬರುತ್ತದಂತೆ. ಹೊಗೆಯಿಲ್ಲ, ಸದ್ದಿಲ್ಲ, ಹತ್ತಲು ಮೆಟ್ಟಿಲೂ ಇಲ್ಲ. ಡ್ರೈವರ್ ಗುಂಡಿ ಒತ್ತಿದರೆ ಬಾಗಿಲಿನಿಂದ ಒಂದು ಹಲಗೆ ನಾಲಗೆಯ ಹಾಗೆ ಹೊರಗೆ ಚಾಚಿಕೊಳ್ಳುತ್ತದಂತೆ, ಗಾಲಿಕುರ್ಚಿಯವರು ಅದರ ಮೇಲೆ ಉರುಳಿಕೊಂಡು ಒಳಗೆ ಹೋಗಬಹುದಂತೆ. ಆದರೆ ಆ ಹಲಗೆ ಸರಿಯಾಗಿ ಕೂರಲು ರಸ್ತೆಬದಿಯಲ್ಲಿ ಎತ್ತರದ ಕಟ್ಟೆ ಬೇಕು, ಬಡಾವಣೆಗೆ ಒಂದೇ ಕಟ್ಟೆ ಮಂಜೂರಾಗಿದೆ. ಅದೆಲ್ಲಿ ಬರಬೇಕು ಎಂದು ಡಿಸೆಂಬರಿನ ಸಭೆಯಲ್ಲಿ ಎಲ್ಲರೂ ಕೈಯೆತ್ತಿ 'ಅತ್ತಿಮರದ ಹತ್ತಿರ' ಎಂದು ಬರೆಸಿದ್ದರು. ಆ ಜಾಗ ತೋರಿಸಲು ನಮ್ಮ ಬಡಾವಣೆ ಸಮಿತಿಯವರು ನನ್ನನ್ನು ಕಳಿಸಿದರು. ಹೆಂಡತಿ ಸತ್ತ ಗಂಡಸಿಗೆ ಬಿಡುವಲ್ಲದೆ ಇನ್ನೇನಿರುತ್ತದೆ ಎಂಬುದು ಅವರ ಲೆಕ್ಕ. ತಪ್ಪೇನಲ್ಲ.

ನಮ್ಮ ಕಡೆ ವಿಳಾಸಗಳೆಲ್ಲ ಇಲ್ಲದ ವಸ್ತುಗಳಿಗೇ ಜೋತುಬಿದ್ದಿವೆ. ನನ್ನ ಮನೆ ಎಲ್ಲಿ ಎಂದರೆ ಹಾಲಿನ ಡೈರಿಯಿಂದ ನೂರು ಮೀಟರ್ ದಕ್ಷಿಣಕ್ಕೆ. ಡೈರಿ ಮುಚ್ಚಿ ಎಷ್ಟೋ ಕಾಲವಾಯಿತು. ಅತ್ತಿಮರವೂ ಹಾಗೆಯೇ. ಅದನ್ನು ಕಡಿದಾಗ ನಾನು ಕಾಲೇಜಿನಲ್ಲಿದ್ದೆ. ಈಗ ಅಲ್ಲಿ ಟೈರಿನ ಅಂಗಡಿ ಇದೆ. ಆದರೂ ಟೈರಿನ ಅಂಗಡಿ ಎಂದು ಯಾರೂ ಹೇಳುವುದಿಲ್ಲ, 'ಹಳೆಯ ಅತ್ತಿಮರ' ಎಂದೂ ಹೇಳುವುದಿಲ್ಲ, ಬರೀ ಅತ್ತಿಮರ. ಮೇಲೆ ಏರಿನ ತುದಿಯಲ್ಲಿ, ಫುಟ್‌ಬಾಲ್ ಮೈದಾನದ ಅಂಚಿಗೆ, ಈಚೆಗೆ ಯಾರೋ ನೆಟ್ಟ ಮರವೂ ಜಾತಿಯಲ್ಲಿ ಅತ್ತಿಯೇ. ನಾವು ಅದನ್ನು ಮೈದಾನದ ಮರ ಎನ್ನುತ್ತೇವೆ.

ಗ್ರೆಟೆಲ್ ಅದರ ಕೆಳಗೆ ನಿಂತು ಬೆವರೊರೆಸಿಕೊಂಡು ಕೇಳಿದಳು: "ದೋನ್ ಎಲಿಯೆಸೆರ್, ಅತ್ತಿಮರ ಅಂದ್ರೆ ಇದೇನಾ? ಇಲ್ಲಾ ಮೊದ್ಲು ಬೇರೆ ಎಲ್ಲೋ ಇದ್ದಿದ್ದಾ?"

ಜಾಣ ಹುಡುಗಿ. ಸರಿಯಾಗಿಯೇ ಕೇಳಿದಳು. ಟೈರಿನ ಅಂಗಡಿಗೆ ಹೋಗಬೇಕೆಂದರೆ ಆ ಏರನ್ನು ಪೂರ್ತಿ ಇಳಿದು ಮತ್ತೆ ಹತ್ತಿ ಬರಬೇಕು. ನಿಂತಲ್ಲಿಂದ ನನ್ನ ಗೇಟು ಕಾಣುತ್ತಿತ್ತು, ಕಾಫಿಯ ಹೊತ್ತಾಗಿತ್ತು. ಹೂಂ, ಇದೇ, ಎಂದೆ. ಅವಳು ರಸ್ತೆಯಂಚಿಗೆ ಹಳದಿ ಬಣ್ಣದಲ್ಲಿ ಒಂದು ಗುರುತು ಎಳೆದಳು.

ನಾಳೆ ಫೋನ್ ಮಾಡಿ ಸರಿಪಡಿಸಿದರಾಯಿತು.

ಜನವರಿ 24, ಶುಕ್ರವಾರ

ಫೋನ್ ಮಾಡಲಿಲ್ಲ. ಹೆಂಡತಿ ನೀದಿಯಾ ಇದ್ದಿದ್ದರೆ ಫೋನನ್ನು ಕೈಗೆ ತುರುಕಿ ಎದುರಿಗೇ ನಿಲ್ಲುತ್ತಿದ್ದಳು. ಕಟ್ಟೆ ಮೈದಾನದ ಹತ್ತಿರ ಬಂದರೆ ಪ್ರಪಂಚವೇನೂ ಮುಳುಗುವುದಿಲ್ಲ. ಆಡುವ ಹುಡುಗರಿಗೆ ಅನುಕೂಲ. ಕಾಲೇಜಿನಲ್ಲಿ ಇದಕ್ಕೊಂದು ಇಂಗ್ಲಿಷ್ ಪದ ಕಲಿಸಿದ್ದರು, ಕನ್ವೀನಿಯೆಂಟ್ ಎಂದೋ ಏನೋ. ಮುಂದಿನದು ಮರೆತಿದೆ.

ಫೆಬ್ರವರಿ 10, ಸೋಮವಾರ

ಕಟ್ಟೆ ಬಂತು. ಸದ್ಯಕ್ಕೆ ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ ಜೋಡಿಸಿದ್ದಾರೆ. ಎರಡು ಮೂರು ತಿಂಗಳು ನೋಡಿ ಆಮೇಲೆ ಸಿಮೆಂಟು ಹಾಕುತ್ತಾರಂತೆ.

ಮಧ್ಯಾಹ್ನ ದೋನ್ಯಾ ಸಿನಿಯಾ ಏರು ಹತ್ತಿ ಏದುಸಿರು ಬಿಡುತ್ತಾ ನಮ್ಮ ಗೇಟಿಗೆ ಬಂದಳು. ಅವಳ ಮನೆ ಟೈರಿನ ಅಂಗಡಿಯ ಬೀದಿಯಲ್ಲಿ. ಅವಳಿಗೊಬ್ಬಳು ಮಗಳು, ಗಾಲಿಕುರ್ಚಿಯವಳು. ಆ ಹುಡುಗಿಗೆ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿದೆಯಂತೆ, ಮುಂದಿನ ಸೋಮವಾರದಿಂದ. ಮೊದಲ ಮೂರು ತಿಂಗಳು ಪರೀಕ್ಷೆಯ ಮೇಲೆ. ಹಳೇ ಬಸ್ಸಿಗೆ ಸೋದರಮಾವ ಅವಳನ್ನು ಹೊತ್ತು ಹತ್ತಿಸಬೇಕಿತ್ತು, ಅದಕ್ಕೇ ಆಸ್ಪತ್ರೆ ಬಿಟ್ಟು ಬೇರೆಲ್ಲೂ ಹೋದವಳಲ್ಲ. ಹೊಸ ಬಸ್ಸನ್ನು ನೆಚ್ಚಿಕೊಂಡೇ ಕೆಲಸಕ್ಕೆ ಒಪ್ಪಿದ್ದಾಳೆ. ಮನೆಯಿಂದ ಅತ್ತಿಮರದವರೆಗೆ ಸಮತಟ್ಟು, ತಾನೇ ಗಾಲಿ ತಿರುಗಿಸಿಕೊಂಡು ಹೋಗಬಲ್ಲಳು. ಈ ಏರನ್ನು ಎಲ್ಲಿ ಹತ್ತುತ್ತಾಳೆ?

ಸಿನಿಯಾ ಪುರಸಭೆಗೂ ಹೋಗಿ ಬಂದಿದ್ದಾಳೆ. ನಕ್ಷೆ ತೋರಿಸಿ, ನೋಡಮ್ಮ ಅತ್ತಿಮರ, ನೀವೇ ಬರೆಸಿದ್ದು, ಏಪ್ರಿಲ್ ಕೊನೆಯ ಸಭೆಯಲ್ಲಿ ಹೇಳಿಕೊಳ್ಳಿ ಎಂದರಂತೆ.

"ಆವತ್ತು ನೀವೂ ಜೊತೇಲಿದ್ರಲ್ಲ ದೋನ್ ಎಲಿಯೆಸೆರ್, ಏನಾಯ್ತು?" ಎಂದು ಕೇಳಿದಳು.

ಆ ಇಂಜಿನಿಯರಮ್ಮ ಹೊರಗಿನವಳು, ಅವಳಿಗೆ ನಮ್ಮ ಅತ್ತಿಮರ ಹೇಗೆ ಗೊತ್ತಾಗಬೇಕು ಎಂದೆ. ಸಿನಿಯಾ ತಲೆಯಾಡಿಸಿದಳು. ಒಂದು ಲೋಟ ನೀರು ಕುಡಿದು ಹೋದಳು.

ನಾನು ಹೇಳಿದ್ದರಲ್ಲಿ ಒಂದೊಂದು ಮಾತೂ ನಿಜ. ಅವಳು ಹೊರಗಿನವಳೇ. ಅವಳಿಗೆ ಗೊತ್ತಿರಲಿಲ್ಲ, ಅದೂ ನಿಜ.

ಫೆಬ್ರವರಿ 16, ಭಾನುವಾರ

ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲೆಲ್ಲ ಗ್ರೆಟೆಲ್‌ಳದೇ ಮಾತು. ಮರ ಗುರುತಿಸಲು ಬಾರದ ಇಂಜಿನಿಯರ್ ಎಂದು ನಗುತ್ತಿದ್ದರು. ನಾನು ನಗಲಿಲ್ಲ. ಬಾಯಿಯನ್ನೂ ಬಿಡಲಿಲ್ಲ.

ನಾಳೆ ಬೆಳಿಗ್ಗೆ ಸಿನಿಯಾಳ ಮನೆಗೆ ಹೋಗಿ ಹುಡುಗಿಯ ಕುರ್ಚಿಯನ್ನು ಮೇಲಕ್ಕೆ ತಳ್ಳಿಕೊಡುತ್ತೇನೆ. ಒಂದು ದಿನ, ಎರಡು ದಿನ. ಅಷ್ಟರಲ್ಲಿ ಏನಾದರೂ ದಾರಿಯಾಗುತ್ತದೆ.

ಫೆಬ್ರವರಿ 17, ಸೋಮವಾರ

ಸತ್ತೆ.

ಫೆಬ್ರವರಿ 26, ಬುಧವಾರ

ಒಂದು ಉಪಾಯ ಗೊತ್ತಾಗಿದೆ. ನೇರ ತಳ್ಳಬಾರದು, ರಸ್ತೆಯ ಈ ಬದಿಯಿಂದ ಆ ಬದಿಗೆ ಓರೆಯಾಗಿ ಹತ್ತಬೇಕು. ಹುಡುಗಿಯೂ ಕೈಯಿಂದ ಗಾಲಿ ತಿರುಗಿಸುತ್ತಾಳೆ, ಸುಮ್ಮನೆ ಕೂರುವವಳಲ್ಲ. ಒಂದೆರಡು ಕಡೆ ನಿಂತು ಉಸಿರು ಬಿಡುತ್ತೇವೆ. ಡಾಕ್ಟರು ನಡೆಯಲು ಹೇಳಿದ್ದಾರೆ, ಅದಕ್ಕೇ ಬರುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ. ಡಾಕ್ಟರು ಹಾಗೇನೂ ಹೇಳಿಲ್ಲ.

ಬಸ್ಸಿನ ಡ್ರೈವರ್ ತೊಬಿಯಾಸ್‌ಗೆ ನಮ್ಮನ್ನು ನೋಡಿದರೆ ತಮಾಷೆ. "ಏನ್ ದೋನ್ ಎಲಿಯೆಸೆರ್, ಇಂಜಿನ್ ಬಿಸಿಯಾಯ್ತಾ?" ಎಂದು ಕೇಳಿದ.

"ಇದಕ್ಕೆ ಬ್ಯಾಟರಿ ಬೇಡ ತೊಬಿಯಾಸ್," ಎಂದಳು ಹುಡುಗಿ, "ಕಾಫಿ ಹಾಕಿದ್ರೆ ಓಡುತ್ತೆ. ಹೊಗೆ ಮಾತ್ರ ಸ್ವಲ್ಪ ಜಾಸ್ತಿ."

ನಕ್ಕುಬಿಟ್ಟೆ. ಬಸ್ಸಿನ ಬಾಗಿಲು ಮುಚ್ಚುವ ಮೊದಲು ಅವಳು ದಿನವೂ ಥ್ಯಾಂಕ್ಸ್ ಹೇಳುತ್ತಾಳೆ. ಆ ಮಾತು ಕೇಳಿದೊಡನೆ ಗೇಟಿನ ಕಡೆ ತಿರುಗಿಬಿಡುತ್ತೇನೆ. ಮುಖಕ್ಕೆ ಬಿಸಿನೀರು ಎರಚಿದ ಹಾಗಾಗುತ್ತದೆ.

ಮಾರ್ಚ್ 12, ಬುಧವಾರ

ಸಂಜೆಯೂ ಸ್ಟಾಪಿಗೆ ಹೋಗುತ್ತಿದ್ದೇನೆ. ಏರಿನಲ್ಲಿ ಕುರ್ಚಿ ಇಳಿಸುವುದು ಹತ್ತಿಸುವುದಕ್ಕಿಂತ ಅಪಾಯ, ನಾನು ಹಿಂದೆ ನಿಂತು ಮೈಯನ್ನೆಲ್ಲ ಹಿಂದಕ್ಕೆ ವಾಲಿಸಬೇಕು. ದಾರಿಯುದ್ದಕ್ಕೂ ಹುಡುಗಿ, ಮಾರಿಕ್ರೂಸ್, ತನ್ನ ಅಂಗಡಿಯ ಕತೆ ಹೇಳುತ್ತಾಳೆ. ಇವತ್ತು ಒಬ್ಬ ಮುದುಕಪ್ಪ ಹಣೆಯ ಮೇಲೇ ಕನ್ನಡಕ ಇಟ್ಟುಕೊಂಡು, ಕಳೆದುಹೋಯಿತು, ಹೊಸದು ಬೇಕು ಎಂದು ಬಂದನಂತೆ. ಇವಳು ಏನೂ ಹೇಳದೆ ಕನ್ನಡಿ ಎದುರಿಗೆ ಹಿಡಿದಳಂತೆ. ಅವನು ಕನ್ನಡಿ ನೋಡಿ, ಇದು ಚೆನ್ನಾಗಿದೆ, ಇದೇ ಕೊಡಿ ಎಂದನಂತೆ.

ಮನೆಗೆ ಬಂದು ಅದನ್ನೇ ನೆನೆಸಿಕೊಂಡು ಬ್ರೆಡ್ಡು ತಿಂದೆ. ಸಂಜೆಯ ರೇಡಿಯೊ ಹಾಕುವುದೇ ಮರೆತುಹೋಯಿತು.

ಮಾರ್ಚ್ 20, ಗುರುವಾರ

ಬಸ್ಸಿಗೆ ಸಾಲ ಕೊಟ್ಟ ವಿದೇಶಿ ಸಂಸ್ಥೆಯಿಂದ ಒಬ್ಬಾಕೆ ಬಂದಿದ್ದಳು, ಎತ್ತರದ ಹೆಂಗಸು, ಕತ್ತಿನಲ್ಲಿ ಕ್ಯಾಮೆರಾ. ಜೊತೆಗೆ ಗ್ರೆಟೆಲ್. ನಾನು ಬೆವರು ಸುರಿಸುತ್ತಾ ಕುರ್ಚಿ ತಳ್ಳಿಕೊಂಡು ಏರಿನ ತುದಿಯ ಹತ್ತಿರಕ್ಕೆ ಬರುವುದಕ್ಕೂ ಆಕೆ ಫೋಟೊ ತೆಗೆಯುವುದಕ್ಕೂ ಸರಿಹೋಯಿತು. ಇನ್ಕ್ಲೂಸಿವ್, ಇನ್ಕ್ಲೂಸಿವ್ ಎಂದಳು. ಇಂಗ್ಲಿಷಿನಲ್ಲಿ ನೀವು ಇವಳ ತಂದೆಯೇ ಎಂದು ಕೇಳಿದಳು. ನನಗೆ ಕಾಲೇಜಿನ ಇಂಗ್ಲಿಷ್ ಇದ್ದಕ್ಕಿದ್ದಂತೆ ನೆನಪಾಯಿತು: ನೋ ಮೇಡಂ, ಐ ಆ್ಯಮ್ ನೇಬರ್. ಇನ್ನೂ ಏನೋ ಹೇಳಬೇಕಿತ್ತು. ಭೂತಕಾಲದ ಕ್ರಿಯಾಪದ ಬರಲಿಲ್ಲ. ಐ ಶೋ ದ ಟ್ರೀ ಎಂದು ಶುರು ಮಾಡಿದೆ, ಆಕೆ ವೆರಿ ಗುಡ್ ಎಂದಳು. ಅಲ್ಲಿಗೆ ಮುಗಿಯಿತು.

ಗ್ರೆಟೆಲ್ ನನ್ನ ಮುಖ ನೋಡಲೇ ಇಲ್ಲ. ಕಟ್ಟೆಯ ಹಲಗೆಗಳನ್ನು ಬೂಟಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಮೊದಲಿಗಿಂತ ತೆಳ್ಳಗಾಗಿದ್ದಾಳೆ.

ಮಾರ್ಚ್ 27, ಗುರುವಾರ

ಎರಡು ದಿನ ಮಂಡಿ ಮಡಚಲು ಆಗಲಿಲ್ಲ. ಹೋಗಲಿಲ್ಲ. ಮಾವ ಊರಲ್ಲಿರಲಿಲ್ಲವಂತೆ, ಸಿನಿಯಾ ಒಬ್ಬಳೇ ತಳ್ಳಲು ಹೋಗಿ ಅರ್ಧ ಏರಿನಲ್ಲಿ ಕೈಸೋತು ಹಿಂದಿರುಗಿದಳಂತೆ. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಅಂಗಡಿಯವನು ಹೇಳಿದ್ದಾನೆ. ಇದನ್ನು ಮಾರಿಕ್ರೂಸ್ ಹೇಳಲಿಲ್ಲ, ಸಿನಿಯಾ ಹೇಳಿದಳು. ಮಾರಿಕ್ರೂಸ್ ಕೇಳಿದ್ದು ಮಂಡಿ ಹೇಗಿದೆ ಎಂದು ಮಾತ್ರ.

ಹುಡುಗಿಯ ಕೆಲಸ ನನ್ನ ಮಂಡಿಯ ಮೇಲೆ ನಿಂತಿದೆ. ಇದನ್ನು ಬರೆದು ಲೇಖನಿ ಕೆಳಗಿಟ್ಟು ಮತ್ತೆ ಎತ್ತಿಕೊಂಡಿದ್ದೇನೆ. ಇವತ್ತೇ ಗ್ರೆಟೆಲ್‌ಗೆ ಹೇಳಬೇಕು. ಹೇಳಿದರೆ ಕಟ್ಟೆಯನ್ನು ಕೆಳಗೆ ಇಳಿಸುತ್ತಾರೆ. ಆಮೇಲೆ ಬೆಳಿಗ್ಗೆ ನಾನು ಏನು ಮಾಡುವುದು?

ಮೇಲಿನ ಸಾಲು ಏಕೆ ಬರೆದೆನೋ ಗೊತ್ತಿಲ್ಲ.

ಏಪ್ರಿಲ್ 17, ಪವಿತ್ರ ಗುರುವಾರ

ಬಸ್ಸಿಲ್ಲ, ಅಂಗಡಿ ಇಲ್ಲ. ಸಿನಿಯಾ ಕುಂಬಳದ ಜಾತಿಯ ಚಿವೆರ್ರೆ ಕಾಯಿಯ ಹೂರಣ ತುಂಬಿದ ಕಡುಬು ಕಳಿಸಿದ್ದಾಳೆ, ಒಬ್ಬನಿಗೆ ಜಾಸ್ತಿಯೇ ಆಯಿತು. ಪ್ರಾರ್ಥನೆಯ ಕೊನೆಗೆ ಪಾದ್ರಿಗಳು ನೆರೆಯವರ ಸೇವೆ ಎಂದು ಹೇಳುತ್ತಾ ನನ್ನ ಕಡೆ ಕೈ ತೋರಿಸಿದರು. ಎಲ್ಲರೂ ತಿರುಗಿ ನೋಡಿದರು. ನೀದಿಯಾ ನನ್ನನ್ನು ಮದುವೆಯಾದ ದಿನವೂ ಚರ್ಚಿನಲ್ಲಿ ಇಷ್ಟು ಜನ ನನ್ನನ್ನು ನೋಡಿರಲಿಲ್ಲ.

ಕಡುಬನ್ನು ತಿನ್ನಲು ಮನಸ್ಸಾಗಲಿಲ್ಲ. ಬಿಸಾಡಲೂ ಮನಸ್ಸಾಗಲಿಲ್ಲ. ತಿಂದೆ.

ಏಪ್ರಿಲ್ 26, ಶನಿವಾರ

ಸಭೆ ಇತ್ತು. ಸಮುದಾಯ ಭವನ ತುಂಬಿತ್ತು. ಕಟ್ಟೆಯನ್ನು ಇಲ್ಲೇ ಸಿಮೆಂಟಿನಲ್ಲಿ ಕಟ್ಟುವುದೋ, ಟೈರಿನ ಅಂಗಡಿಯ ಹತ್ತಿರಕ್ಕೆ ಒಯ್ಯುವುದೋ ಎಂಬುದು ಪ್ರಶ್ನೆ. ಸಿನಿಯಾ ಎದ್ದು ನಿಂತು, ನಾವು ಹೇಳಿದ್ದು ಆ ಅತ್ತಿಮರ, ನಿಮ್ಮ ಹುಡುಗಿ ಕಟ್ಟಿದ್ದು ಈ ಅತ್ತಿಮರದ ಹತ್ತಿರ ಎಂದಳು. ಅದಕ್ಕೆ ಒಬ್ಬ ಕೂತಲ್ಲಿಂದಲೇ, ಮರ ಗೊತ್ತಿಲ್ಲ ಮಟ್ಟ ಗೊತ್ತಿಲ್ಲ ಇಂಜಿನಿಯರಂತೆ ಎಂದ. ಗ್ರೆಟೆಲ್‌ಳ ಕಿವಿಗಳು ಕೆಂಪಾದವು.

"ನಕ್ಷೆ ನಂದು, ತಪ್ಪಾಗಿದ್ರೆ ನಂದೇ," ಎಂದಳು. "ಮರ ತೋರಿಸಿದ್ದು ಮಾತ್ರ ಈ ಊರೋರೇ."

ಯಾರು ಎಂದು ಹೇಳಲಿಲ್ಲ. ಹೇಳಬಹುದಿತ್ತು. ಯಾರೂ ಕೇಳಲೂ ಇಲ್ಲ. ನಾನು ಹಿಂದೆ ನಿಂತು ಕಾಫಿ ಬಗ್ಗಿಸುತ್ತಿದ್ದೆ, ಅದನ್ನೇ ಬಗ್ಗಿಸುತ್ತಾ ಹೋದೆ, ಲೋಟ ತುಂಬಿ ಮೇಜಿನ ಮೇಲೆ ಹರಿಯಿತು.

ಆಗ ಎದ್ದವನು ಎರ್ಮೆಸ್, ಫುಟ್‌ಬಾಲ್ ತಂಡದ ಯಜಮಾನ. ಅವನಿಗೆ ಕಟ್ಟೆ ಮೈದಾನದ ಹತ್ತಿರವೇ ಬೇಕು. ಕೆಟ್ಟವನೇನಲ್ಲ, ನಗುನಗುತ್ತಲೇ ಹೇಳಿದ: "ಇರೋದನ್ನ ಯಾಕೆ ಕೀಳ್ಬೇಕು? ಆ ಹುಡುಗೀಗೆ ದೋನ್ ಎಲಿಯೆಸೆರ್ ಇದಾರಲ್ಲ. ಬಸ್ಸಿಗಿಂತ ಟೈಮಿಗೆ ಸರಿಯಾಗಿ ಬರ್ತಾರೆ."

ಜನ ಚಪ್ಪಾಳೆ ತಟ್ಟಿದರು. ನನಗೆ. ಮಾರಿಕ್ರೂಸ್ ಕುರ್ಚಿ ತಿರುಗಿಸಿ ನನ್ನನ್ನು ನೋಡಿದಳು, ಅವಳೊಬ್ಬಳು ಚಪ್ಪಾಳೆ ತಟ್ಟಲಿಲ್ಲ. ಕೈಯೆತ್ತುವ ಹೊತ್ತಿಗೆ ಯಾರದೋ ಮಗಳ ಹದಿನೈದನೇ ಹುಟ್ಟುಹಬ್ಬಕ್ಕೆ ಭವನ ಬಾಡಿಗೆಗೆ ಹೋಗಿದೆ ಎಂದು ಬಲೂನು ಹಿಡಿದವರು ಬಾಗಿಲಿಗೆ ಬಂದು ನಿಂತರು. ತೀರ್ಮಾನ ಎರಡು ವಾರ ಮುಂದಕ್ಕೆ ಹೋಯಿತು.

ಮುಂದಕ್ಕೆ ಹೋಯಿತು ಎಂದು ಕೇಳಿದಾಗ ನನಗೆ ಸಮಾಧಾನವಾಯಿತು. ಏಕೆ ಎಂದು ಇಲ್ಲಿ ಬರೆಯುವುದಿಲ್ಲ.

ಏಪ್ರಿಲ್ 28, ಸೋಮವಾರ

ಅರ್ಧ ಏರಿನಲ್ಲಿ ಉಸಿರಿಗೆ ನಿಂತಿದ್ದೆವು. ಮಾರಿಕ್ರೂಸ್ ಬ್ರೇಕು ಹಾಕಿಕೊಂಡು, ತಿರುಗದೆ ಕೇಳಿದಳು:

"ದೋನ್ ಎಲಿಯೆಸೆರ್, ಮುಂದಿನ್ ಸಭೇಲಿ 'ಇನ್ಮೇಲೆ ನಾನು ತಳ್ಳಲ್ಲ' ಅಂತ ಹೇಳ್ತೀರಾ?"

ಏಕಮ್ಮ, ನನ್ನಿಂದೇನಾದರೂ ತಪ್ಪಾಯಿತೇ ಎಂದೆ.

"ತಪ್ಪೇನಿಲ್ಲ. ನೀವು ಒಳ್ಳೆಯವರಾಗಿರೋ ತನಕ ನಂಗೆ ಸ್ಟಾಪ್ ಸಿಗಲ್ಲ, ಅಷ್ಟೇ. ನಾನೊಬ್ಳೇ ಮನೆಯಿಂದ ಹೊರಟು, ನಾನೊಬ್ಳೇ ಬಸ್ ಹತ್ಬೇಕು. ಯಾರಿಗೂ ಕಾಯ್ಬಾರ್ದು. ಒಂದಿನ ಲೇಟಾದ್ರೂ ನನ್ನಿಂದ ನಾನೇ ಲೇಟಾಗ್ಬೇಕು."

ಆಮೇಲೆ, ಬೇಜಾರು ಮಾಡಿಕೊಳ್ಳಬೇಡಿ ಎಂದಳು. ಬೇಜಾರಿಲ್ಲ ಎಂದೆ. ಮಿಕ್ಕ ಏರನ್ನು ಹತ್ತಿದೆವು. ತೊಬಿಯಾಸ್ ಏನೋ ತಮಾಷೆ ಮಾಡಿದ, ಅವಳು ಹಲಗೆ ಹತ್ತಿ ನೇರ ಒಳಗೆ ಹೋದಳು.

ಮೇ 3, ಶನಿವಾರ

ಹೊಸ ಬಸ್ಸಿನ ಬಗ್ಗೆ ಪುರಸಭೆ ಒಂದು ಬಣ್ಣದ ಕರಪತ್ರ ಹಂಚಿದೆ. ಮುಖಪುಟದಲ್ಲಿ ನಾವಿಬ್ಬರು. ನನ್ನ ಬಾಯಿ ತೆರೆದಿದೆ, ಮೀನಿನ ಹಾಗೆ. ಅವಳು ಕ್ಯಾಮೆರಾ ನೋಡುತ್ತಿಲ್ಲ, ಮುಂದೆ ಉಳಿದಿರುವ ಏರನ್ನು ನೋಡುತ್ತಿದ್ದಾಳೆ. 'ಎಲ್ಲರಿಗೂ ಎಟಕುವ ಸಾರಿಗೆ' ಎಂದು ಕೆಳಗೆ ಬರೆದಿದೆ. ಕಿರಾಣಿ ಅಂಗಡಿಯವನು ಅದನ್ನು ಗೋಡೆಗೆ ಅಂಟಿಸಿದ್ದಾನೆ. ಮೊಟ್ಟೆ ತರಲು ಹೋದವನು ಹಾಗೆಯೇ ವಾಪಸು ಬಂದೆ.

ಮೇ 10, ಶನಿವಾರ

ಆಯಿತು.

'ಇನ್ನು ತಳ್ಳುವುದಿಲ್ಲ' ಎಂದು ಮಾತ್ರ ಹೇಳಿ ಕೂರೋಣ ಎಂದುಕೊಂಡೇ ಹೋಗಿದ್ದೆ. ಅಷ್ಟು ಸಾಕಿತ್ತು, ಕೆಲಸವೂ ಆಗುತ್ತಿತ್ತು. ಮಂಡಿ ನೋವು ಎಂದರೆ ಎಲ್ಲರೂ ಅಯ್ಯೋ ಪಾಪ ಎನ್ನುತ್ತಿದ್ದರು. ಎದ್ದು ನಿಂತೆ. ಎರ್ಮೆಸ್ ಜಾಗ ಬಿಟ್ಟುಕೊಟ್ಟು ಬೆನ್ನು ತಟ್ಟಿದ. ಮುಂದಿನ ಸಾಲಿನಲ್ಲಿ ಗ್ರೆಟೆಲ್ ನಕ್ಷೆಯನ್ನು ಸುರುಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ಹೊಡೆತಕ್ಕೆ ಕಾದು ಕೂತ ಮಗುವಿನ ಹಾಗೆ. ಅದನ್ನು ನೋಡಿದೆ. ಬಾಯಿಂದ ಬೇರೆಯದೇ ಬಂತು.

"ಮರ ತೋರ್ಸಿದ್ದು ನಾನು. ಇದೇನಾ, ಮೊದ್ಲು ಇದ್ದಿದ್ದಾ ಅಂತ ಈ ಹುಡುಗಿ ಸರಿಯಾಗೇ ಕೇಳಿದ್ಲು. ನಾನು ಇದೇ ಅಂದೆ. ಗೊತ್ತಿದ್ದೇ ಅಂದೆ. ಇಳಿದು ಹತ್ತೋಕೆ ಬೇಜಾರಾಗಿತ್ತು."

ಎರ್ಮೆಸ್ ಒಂದು ಸಲ ನಕ್ಕು, ತಮಾಷೆಯಲ್ಲ ಎಂದು ತಿಳಿದು ನಿಲ್ಲಿಸಿದ. ಕೈಯೆತ್ತಿ ಎಂದಾಗ ಹೆಚ್ಚುಕಡಿಮೆ ಎಲ್ಲರೂ ಕೆಳಗಿನ ಜಾಗಕ್ಕೇ ಎತ್ತಿದರು, ನನ್ನನ್ನು ನೋಡಬಾರದೆಂದು ಅವಸರವಸರವಾಗಿ. ಗ್ರೆಟೆಲ್ ಬರೆದುಕೊಂಡಳು. ಹೋಗುವಾಗ ನನ್ನ ಪಕ್ಕದಲ್ಲಿ ನಿಂತು, "ಎಷ್ಟು ರಾತ್ರಿ ಅಂದ್ಕೊಂಡಿದ್ದೀನಿ, ನಾನು ಕೇಳ್ಲೇ ಇಲ್ವೇನೋ ಅಂತ," ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಸಿನಿಯಾ ಕಾಫಿ ಮುಟ್ಟದೆ ಹೋದಳು. ಮಾರಿಕ್ರೂಸ್ ಬಾಗಿಲ ಹೊರಗೆ ಕಾಯುತ್ತಿದ್ದಳು. ನಾನು ಅಭ್ಯಾಸಬಲದಿಂದ ಕುರ್ಚಿಯ ಹಿಡಿಗೆ ಕೈ ಚಾಚಿದೆ.

"ಮುಟ್ಬೇಡಿ," ಎಂದಳು. ಮೆಲ್ಲಗೇ ಹೇಳಿದಳು. "ದಿನಾ ಥ್ಯಾಂಕ್ಸ್ ಹೇಳ್ದೆ ನಿಮಗೆ. ಬೆಳಿಗ್ಗೆ ಒಂದು, ಸಂಜೆ ಒಂದು. ಅಷ್ಟನ್ನೂ ವಾಪಸ್ ಕೊಡಿ."

ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಮೇ 12, ಸೋಮವಾರ

ಅವಳ ಮಾವ ತಳ್ಳಿಕೊಂಡು ಬಂದ, ನೇರವಾಗಿ. ಓರೆಯಾಗಿ ಹತ್ತಬೇಕು ಎಂದು ಯಾರೂ ಅವನಿಗೆ ಹೇಳಿಲ್ಲ. ಗೇಟಿನ ಒಳಗೆ ನಿಂತು ನೋಡಿದೆ. ಮೂರು ಕಡೆ ನಿಂತರು. ಕೂಗಿ ಹೇಳೋಣ ಎನಿಸಿತು. ಕೂಗಲಿಲ್ಲ.

ಮೇ 20, ಮಂಗಳವಾರ

ಮಳೆ ಹಿಡಿದಿದೆ. ಕಿರಾಣಿ ಅಂಗಡಿಯ ಗೋಡೆಯಲ್ಲಿ ಕರಪತ್ರ ಇಲ್ಲ. ಸಮಿತಿಯಿಂದ ನನ್ನನ್ನು ತೆಗೆದಿಲ್ಲ, ಸಭೆಗೆ ಕರೆದೂ ಇಲ್ಲ. ಕೆಳಗಿನ ಬೀದಿಯಲ್ಲಿ ಕಾಲುದಾರಿಯ ಅಂಚು ಎಲ್ಲೆಲ್ಲಿ ಒಡೆದಿದೆ ಎಂದು ನೋಡಿ ಗ್ರೆಟೆಲ್‌ಗೆ ಫೋನ್ ಮಾಡಿದೆ. ಎರಡು ಕಡೆ ಕುರ್ಚಿಯ ಮುಂದಿನ ಚಿಕ್ಕ ಗಾಲಿ ಸಿಕ್ಕಿಕೊಳ್ಳುತ್ತದೆ. ಕಳೆದ ಮಳೆಗಾಲದಲ್ಲಿ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ, ಅಥವಾ ಒಡೆದದ್ದೇ ಈಚೆಗಿರಬೇಕು. ಎಲ್ಲಿ ಎಂದು ಅವಳು ಕೇಳಿದಳು. ಟೈರಿನ ಅಂಗಡಿಯಿಂದ ಎಡಕ್ಕೆ, ನೀಲಿ ಗೇಟಿನ ಮುಂದೆ, ಎಂದೆ. ಈಗ ನಿಜವಾಗಿ ಇರುವುದನ್ನೇ ಹೇಳಿದೆ. ಅವಳು ಅದನ್ನು ಇನ್ನೊಂದು ಸಲ ಹೇಳಿಸಿಕೊಂಡು, ಸರಿ ಎಂದಳು.

ಜೂನ್ 4, ಬುಧವಾರ

ಕೆಳಗೆ ಸಿಮೆಂಟು ಹಾಕಿದ್ದಾರೆ. ಮಾರಿಕ್ರೂಸ್‌ಳ ಕೆಲಸ ಕಾಯಂ ಆಯಿತಂತೆ. ಈ ಸುದ್ದಿಯನ್ನು ತೊಬಿಯಾಸ್‌ನಿಂದ ಕೇಳಿದೆ. ಬೇರೆ ಯಾರೂ ನನಗೆ ಹೇಳಲಿಲ್ಲ, ಏಕೆ ಹೇಳಬೇಕು.

ಜೂನ್ 16, ಸೋಮವಾರ

ಇವತ್ತು ಹೊಸ ಕಟ್ಟೆ ಶುರು. ನೋಡಿ ಬರೋಣ ಎಂದು ಏರು ಇಳಿದೆ. ಟೈರಿನ ಅಂಗಡಿಯ ಷಟರು ಇನ್ನೂ ಎತ್ತಿರಲಿಲ್ಲ, ಅದರ ಎದುರಿಗೆ ನಿಂತೆ. ಮಾರಿಕ್ರೂಸ್ ಬೀದಿಯ ತಿರುವಿನಿಂದ ಬಂದಳು, ಒಬ್ಬಳೇ, ಮಡಿಲಲ್ಲಿ ಊಟದ ಡಬ್ಬಿ, ಎರಡೂ ಕೈ ಗಾಲಿಯ ಮೇಲೆ. ಸಿನಿಯಾ ಬಾಗಿಲಿನಲ್ಲೇ ನಿಂತು ನೋಡುತ್ತಿದ್ದಳು, ಹಿಂದೆ ಬರಲಿಲ್ಲ. ಮಾರಿಕ್ರೂಸ್ ನನ್ನನ್ನು ಕಂಡಳು. ಮುಖ ತಿರುಗಿಸಲಿಲ್ಲ, ಮಾತನ್ನೂ ಆಡಲಿಲ್ಲ. ಬಸ್ಸು ಬಂತು, ಹಲಗೆ ಚಾಚಿತು, ಕಟ್ಟೆಯ ಮೇಲೆ ಸದ್ದಿಲ್ಲದೆ ಕೂತಿತು. ಅವಳು ಒಳಗೆ ಹೋದಳು. ನಾನು ತಳ್ಳುತ್ತಿದ್ದಾಗ ಯಾವತ್ತೂ ಅಷ್ಟು ಬೇಗ ಹೋಗಿರಲಿಲ್ಲ.

ತೊಬಿಯಾಸ್ ಬಾಗಿಲು ಮುಚ್ಚದೆ ನನ್ನನ್ನೇ ನೋಡುತ್ತಿದ್ದ. ಹತ್ತುತ್ತೀರೋ ಇಲ್ಲವೋ ಎಂದ. ನನಗೆ ಪೇಟೆಯಲ್ಲಿ ಏನೂ ಕೆಲಸವಿರಲಿಲ್ಲ. ಹತ್ತಿಬಿಟ್ಟೆ. ನೀದಿಯಾಳ ಆಸ್ಪತ್ರೆಯ ದಿನಗಳ ನಂತರ ಬಸ್ಸು ಹತ್ತಿದ್ದೇ ಇಲ್ಲ ಎಂದು ಒಳಗೆ ಬಂದ ಮೇಲೆ ಹೊಳೆಯಿತು. ಸೀಟೆಲ್ಲ ತುಂಬಿತ್ತು. ಮಧ್ಯದಲ್ಲಿ ಗಾಲಿಕುರ್ಚಿಗೆಂದು ಬಿಟ್ಟ ಜಾಗದಲ್ಲಿ ಅವಳಿದ್ದಳು. ಸ್ವಲ್ಪ ದೂರದಲ್ಲಿ ನಿಂತು ಕಿಟಕಿಯ ಹೊರಗೆ ನೋಡತೊಡಗಿದೆ. ಸದ್ದೇ ಇಲ್ಲದ ಬಸ್ಸು, ಹೊರಟದ್ದೇ ತಿಳಿಯಲಿಲ್ಲ.

"ಕಂಬ ಹಿಡ್ಕೊಳ್ಳಿ," ಎಂದಳು ಮಾರಿಕ್ರೂಸ್, ನನ್ನ ಕಡೆ ನೋಡದೆ. "ಮುಂದೆ ತಿರುವಿದೆ. ತೊಬಿಯಾಸ್ ನಿಧಾನ ಮಾಡಲ್ಲ."

ಹಿಡಿದುಕೊಂಡೆ.

ಅವಳು ಕನ್ನಡಕದ ಅಂಗಡಿಯ ಹತ್ತಿರ ಇಳಿದಳು. ಎಲ್ಲಿ ಇಳಿಯಬೇಕೆಂದು ನನಗೆ ತಿಳಿಯಲಿಲ್ಲ. ಕೊನೆಯ ಸ್ಟಾಪಿನವರೆಗೂ ಹೋಗಿ, ಅದೇ ಬಸ್ಸಿನಲ್ಲಿ, ಕಂಬ ಹಿಡಿದುಕೊಂಡೇ ವಾಪಸು ಬಂದೆ.